ಕಿರೀಟ ಮೊದಲು, ರಾಜ ಆಮೇಲೆ

ರಾಜನ ವ್ಯಂಗ್ಯಚಿತ್ರವನ್ನು ಮೂಗಿನಿಂದ ಶುರುಮಾಡಬೇಡಿ. ಶಿರಸಿಯ ನಮ್ಮನೆ ಜಗುಲಿಗೆ ಚಿತ್ರ ಕಲಿಯಲು ಬರುವ ಮಕ್ಕಳೆಲ್ಲ ಮೊದಲು ಎಳೆಯುವುದು ಮೂಗನ್ನೇ. ಮೂಗು ಹುಟ್ಟಿನಿಂದ ಬಂದದ್ದು ಮಾರಾಯ್ರೆ, ಅದರಲ್ಲಿ ಅವನ ತಪ್ಪೇನು? ಅವನಾಗಿ ಏರಿಸಿಕೊಂಡದ್ದನ್ನು ಹಿಡಿಯಿರಿ.

ನಾನಿದನ್ನು ಕಲಿತದ್ದು ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಬಣ್ಣದಮನೆಯಲ್ಲಿ. ಸಂಜೆ ಮೂಲೆಯಲ್ಲಿ ಚಾ ಕುಡಿಯುತ್ತಿದ್ದ ಸಣಕಲು ವೇಷಧಾರಿ, ಬಟ್ಟೆ ಸುತ್ತಿ, ಎದೆಪದಕ, ಭುಜಕೀರ್ತಿ ಕಟ್ಟಿ ಎದ್ದರೆ ಅವನಿಗೆ ಬಾಗಿಲು ಸಾಲುತ್ತಿರಲಿಲ್ಲ. 1840ರಲ್ಲಿ ಇಂಗ್ಲೆಂಡಿನ ಕಾದಂಬರಿಕಾರ ಥ್ಯಾಕರೆ ಫ್ರಾನ್ಸಿನ ಹದಿನಾಲ್ಕನೇ ಲೂಯಿಯನ್ನು ಬರೆದದ್ದೂ ಹೀಗೇ: ಒಂದು ಕಡೆ ಬರೀ ನಿಲುವಂಗಿ, ವಿಗ್ಗು, ಎತ್ತರದ ಹಿಮ್ಮಡಿಯ ಬೂಟು, ನಡುವೆ ಡೊಳ್ಳುಹೊಟ್ಟೆಯ ಬೋಳುತಲೆ ಮುದುಕ, ಕೊನೆಗೆ ಎರಡೂ ಕೂಡಿದ ಮಹಾರಾಜ.

ನೀವೂ ಮೂರು ಆಕೃತಿ ಬರೆಯಿರಿ. ಪೆನ್ಸಿಲ್ ಹಗುರ ಇರಲಿ. ಹೊಸ ನಿಬ್ಬಿಗೆ ಎಣ್ಣೆ ಹಚ್ಚಿರುತ್ತಾರೆ, ಒರೆಸದಿದ್ದರೆ ಶಾಯಿ ನಿಲ್ಲುವುದಿಲ್ಲ. ಗೆರೆಯನ್ನು ನಿಮ್ಮ ಕಡೆಗೆ ಎಳೆಯಿರಿ. ಮುಂದಕ್ಕೆ ದೂಡಿದರೆ ನಿಬ್ಬು ಕಾಗದಕ್ಕೆ ಸಿಕ್ಕಿ ಶಾಯಿ ಸಿಡಿಯುತ್ತದೆ. ನಿಲುವಂಗಿಗೆ ಒತ್ತಾಗಿ ಗೆರೆ ಹಾಕಿ, ಒಣಗಿದ ಮೇಲೆ ಅಡ್ಡಗೆರೆ ಹೆಣೆಯಿರಿ. ಒಳಗಿನ ಮನುಷ್ಯನಿಗೆ ಮಾತ್ರ ಒಂದೇ ತೆಳುಗೆರೆ, ನೆರಳೂ ಬೇಡ. ಶಾಯಿಯೆಲ್ಲ ಬಟ್ಟೆಗೇ ಖರ್ಚಾಗಬೇಕು. ನಾನೊಮ್ಮೆ ಹಸಿಯಿರುವಾಗಲೇ ರಬ್ಬರ್ ಉಜ್ಜಿ ಮೂರು ತಾಸಿನ ಕೆಲಸಕ್ಕೆ ಮಸಿ ಬಳಿದಿದ್ದೇನೆ.

ಥ್ಯಾಕರೆ ಮುಟ್ಟಿದ್ದು ಸತ್ತ ರಾಜನನ್ನು. ಸಿಂಹಾಸನದ ಮೇಲಿದ್ದ ಲೂಯಿ ಫಿಲಿಪ್‌ನನ್ನು ಕೆಣಕಿದ ವ್ಯಂಗ್ಯಪತ್ರಿಕೆಯ ಸಂಪಾದಕ ಫಿಲಿಪೋನ್ 1831ರಲ್ಲಿ ಪ್ಯಾರಿಸ್ಸಿನ ಕೋರ್ಟು ಹತ್ತಬೇಕಾಯಿತು. ಅಲ್ಲಿ ಅವನು ರಾಜನ ಮುಖ ನಾಲ್ಕೇ ಹಂತದಲ್ಲಿ ಪೇರ್ ಹಣ್ಣಾಗುವುದನ್ನು ತೋರಿಸಿ, ಹೋಲಿಕೆಯೇ ಅಪರಾಧವಾದರೆ ಹಣ್ಣಿಗೂ ಶಿಕ್ಷೆ ಕೊಡಿ ಎಂಬಂತೆ ವಾದಿಸಿದ. ಆರು ತಿಂಗಳ ಜೈಲು, 2000 ಫ್ರಾಂಕ್ ದಂಡ ತಪ್ಪಲಿಲ್ಲ. ಇದು ಮುಖದ ಗೇಲಿಯೇ, ನನ್ನ ಮಾತಿಗೆ ವಿರುದ್ಧ. ಆದರೆ ಫ್ರೆಂಚರ ಆಡುಮಾತಿನಲ್ಲಿ ಪೇರ್ ಎಂದರೆ ಪೆದ್ದ ಎಂದೂ ಆಗುತ್ತದೆ. ಹಣ್ಣು ಅಲ್ಲಿನದಾದರೆ ಇಲ್ಲಿ ನಡೆಯದು; ನಮಗೆ ಕುಂಬಳಕಾಯಿ ಇದೆಯಲ್ಲ. ಬರೆದು ಗೋಡೆಗೆ ಹಚ್ಚಿ, ಯಾರು ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೆ ನೋಡಿ.

ಅಡಿಯಲ್ಲಿ ‘ಇವನೇ ರಾಜ’ ಎಂದು ಬರೆಯಬೇಕೆನಿಸಿದರೆ ಚಿತ್ರ ಕೆಟ್ಟಿದೆ ಎಂದೇ ಲೆಕ್ಕ. ಹಾಳೆ ಮಗುಚಿ ಮತ್ತೆ ಶುರುಮಾಡಿ. ನಮ್ಮ ಕಡೆ ಆಷಾಢದಲ್ಲಿ ಅದೂ ಆಗದು, ಕಾಗದ ತೇವ ಹೀರಿ ಹಳೇ ರಾಜ ಹಿಂಬದಿಗೂ ಇಳಿದಿರುತ್ತಾನೆ.