ಓವನ್ನಿನ ಉಬ್ಬು ದೋಸೆಗೆ ಉದ್ದ ಹಿಡಿಕೆ ಬೇಡ

ಓವನ್ನಿನಲ್ಲಿ ಉಬ್ಬುವ ಪ್ಯಾನ್‌ಕೇಕಿಗೆ ಪಾತ್ರೆ ಬೇಕು ಅಂತ ಅಂಗಡಿಗೆ ಹೋಗುವ ಮೊದಲು ನಿಮ್ಮ ಓವನ್ನಿನ ಬಾಗಿಲು ತೆಗೆದು ಒಳಗೆ ಟೇಪು ಹಿಡಿಯಿರಿ. ನಾನು ಹಿಡಿದಿರಲಿಲ್ಲ. ಹುಬ್ಬಳ್ಳಿ ದುರ್ಗದಬೈಲಿನ ಸುತ್ತ ಮಧ್ಯಾಹ್ನವೆಲ್ಲ ಅಡ್ಡಾಡಿ 10 ಇಂಚಿನ ಬೀಡಿನ, ಅಂದರೆ ಎರಕದ ಕಬ್ಬಿಣದ, ಬಾಣಲೆ ಕೊಂಡೆ. ಉದ್ದ ಹಿಡಿಕೆಯದು, ನೋಡಲು ಬಲು ಚಂದ. ಚಿಗರಿ ಬಸ್ಸಿನಲ್ಲಿ ಧಾರವಾಡದ ತನಕ ತೊಡೆ ಮೇಲೆ ಇಟ್ಟುಕೊಂಡು ಬಂದೆ. ಎರಡು ಕಿಲೋ ಮೀರಿದ ತೂಕ, ಇಳಿಯುವಾಗ ಕಾಲು ಜೋಮು ಹಿಡಿದಿತ್ತು. ಮನೆಗೆ ಬಂದು ಓಟಿಜಿಯೊಳಗೆ, ಅಂದರೆ ನಮ್ಮ ಕರೆಂಟಿನ ಸಣ್ಣ ಓವನ್ನಿನೊಳಗೆ, ಇಟ್ಟರೆ ಬಾಗಿಲೇ ಮುಚ್ಚಲಿಲ್ಲ. ನೇರ ಇಟ್ಟರೆ ಹಿಡಿಕೆ ಆರು ಬೆರಳು ಹೊರಗೆ, ಓರೆ ಇಟ್ಟರೆ ಎರಡು ಬೆರಳು ಹೊರಗೆ. ಮೊಮ್ಮಗಳು ಪಕ್ಕದಲ್ಲೇ ನಿಂತು, "ಅಜ್ಜಿ, ಬಾಗಲಾ ತಗದ ಇಟ್ಟು ಬೇಯಿಸೂಣು ಬಿಡು" ಅಂತ ನಗುತ್ತಿದ್ದಳು. ಅಂಗಡಿಯವರು ವಾಪಸು ತಗೊಳ್ಳಲಿಲ್ಲ.

ಆಮೇಲೆ ಅಳತೆ ಮಾಡಿದೆ. ನಮ್ಮದು 28 ಲೀಟರಿನ ಓಟಿಜಿ. ಒಳಗಿನ ಅಗಲ 33 ಸೆಂಟಿಮೀಟರ್, ಆಳ 28. ಬಾಣಲೆ ಹಿಡಿಕೆ ಸೇರಿ 40 ಸೆಂಟಿಮೀಟರ್ ಇತ್ತು. ಈ ಲೆಕ್ಕ ಅಂಗಡಿಯಲ್ಲೇ ಹಾಕಬಹುದಿತ್ತು, ಅಲ್ವಾ? ಡಬ್ಬದ ಮೇಲೆ ಬರೆಯುವುದು ಬಾಯಿಯ ಅಳತೆ ಮಾತ್ರ. ಹಿಡಿಕೆಯ ಉದ್ದವನ್ನು ನಾವೇ ಅಳೆಯಬೇಕು.

ಇಷ್ಟೆಲ್ಲ ಯಾತಕ್ಕೆ ಅಂದರೆ, ಮೊಮ್ಮಗಳಿಗೆ ಓವನ್ನಿನಲ್ಲಿ ಉಬ್ಬುವ ಪ್ಯಾನ್‌ಕೇಕ್ ಬೇಕಾಗಿತ್ತು. ಅಮೆರಿಕದಲ್ಲಿ ಅದಕ್ಕೆ ಡಚ್ ಬೇಬಿ ಅಂತಾರೆ, ಜರ್ಮನ್ ಪ್ಯಾನ್‌ಕೇಕ್ ಅಂತಲೂ ಅಂತಾರೆ. ಮೂರು ತತ್ತಿ, ಅರ್ಧ ಕಪ್ ಹಾಲು, ಅರ್ಧ ಕಪ್ ಮೈದಾ, ಚಿಟಿಕೆ ಉಪ್ಪು, ಒಂದು ಚಮಚ ಸಕ್ಕರೆ. ನೀರು ದೋಸೆಗಿಂತ ಒಂಚೂರು ಗಟ್ಟಿ, ಅಷ್ಟೇ. ಸೋಡಾ ಇಲ್ಲ, ಬೇಕಿಂಗ್ ಪೌಡರ್ ಇಲ್ಲ. ಕಾದ ಪಾತ್ರೆಯಲ್ಲಿ ತುಪ್ಪ ಕರಗಿಸಿ, ಹಿಟ್ಟು ಸುರಿದು, 220 ಡಿಗ್ರಿಯಲ್ಲಿ 18ರಿಂದ 20 ನಿಮಿಷ. ಅಂಚು ಎದ್ದು ಟೊಪ್ಪಿಗೆ ತಿರುಗಿಸಿ ಇಟ್ಟ ಹಾಗೆ ಆಗುತ್ತದೆ. ಹೊರಗೆ ತೆಗೆದ ಎರಡು ನಿಮಿಷಕ್ಕೆ ಕುಸಿಯುತ್ತದೆ. ಅದು ನಿಮ್ಮ ತಪ್ಪಲ್ಲ, ಅದರ ಗುಣವೇ ಅಷ್ಟು.

ಉಬ್ಬಿಸುವುದು ಬರೀ ಉಗಿ. ಜೋಳದ ರೊಟ್ಟಿ ಉಬ್ಬುವುದೂ ಹಾಗೇ, ಪೂರಿ ಉಬ್ಬುವುದೂ ಹಾಗೇ. ನೀರು ಕುದಿದು ಉಗಿಯಾದರೆ 1,600 ಪಟ್ಟು ಜಾಗ ಬೇಡುತ್ತದೆ. ಆ ಉಗಿ ಬೇಗ ಹುಟ್ಟಬೇಕು, ಅದೇ ಹೊತ್ತಿಗೆ ತತ್ತಿ ಮತ್ತು ಮೈದಾ ಗಟ್ಟಿಯಾಗಿ ಅದನ್ನು ಹಿಡಿದಿಡಬೇಕು. ಹಂಚು ಕಾಯುವ ಮೊದಲೇ ರೊಟ್ಟಿ ಹಾಕಿದರೆ ಏನಾಗುತ್ತದೆ ಅಂತ ನಮ್ಮ ಕಡೆ ಹೆಣ್ಣುಮಕ್ಕಳಿಗೆ ಹೇಳಿಕೊಡಬೇಕಾ? ಚಪ್ಪಟೆ ಬಿದ್ದು ಚರ್ಮದ ಹಾಗೆ ಆಗುತ್ತದೆ. ಇಲ್ಲೂ ಅದೇ ಕಥೆ. ಅದಕ್ಕೇ ಪಾತ್ರೆ ದಪ್ಪ ಇರಬೇಕು. ತಣ್ಣಗಿನ ಹಿಟ್ಟು ಬಿದ್ದ ಮೇಲೂ ಕಾವು ಬಿಟ್ಟುಕೊಡಬಾರದು. ತೆಳು ಅಲ್ಯೂಮಿನಿಯಂ ಬೇಗ ಕಾಯುತ್ತದೆ, ಅಷ್ಟೇ ಬೇಗ ಆರುತ್ತದೆ. ಬೀಡು ನಿಧಾನಕ್ಕೆ ಕಾಯುತ್ತದೆ, ಕಾದ ಮೇಲೆ ಹಟ ಬಿಡುವುದಿಲ್ಲ.

ಹಾಗಾದರೆ ಮನೆಯಲ್ಲಿರುವ ರೊಟ್ಟಿ ಹಂಚೇ ಸಾಕಲ್ಲ ಅಂತ ಸೊಸೆ ಕೇಳಿದಳು. ಸಾಲುವುದಿಲ್ಲ. ಮೊದಲನೆಯದು, ಅದಕ್ಕೆ ಅಂಚಿಲ್ಲ, ಹಿಟ್ಟು ಓವನ್ನಿನ ತಳಕ್ಕೆ ಹರಿಯುತ್ತದೆ. ಎರಡನೆಯದು ನನ್ನ ಹಟ ಅಂದುಕೊಳ್ಳಿ. ರೊಟ್ಟಿ ಹಂಚಿಗೆ ನಾನು ಎಣ್ಣೆಯ ಕೈ ಸಹ ತಾಕಿಸಗೊಡುವುದಿಲ್ಲ. ಒಮ್ಮೆ ಎಣ್ಣೆ ಹಿಡಿಯಿತೋ, ಮರುದಿನದ ರೊಟ್ಟಿ ಮೇಲೆ ಕಲೆ ಕಲೆ, ಮನೆ ತುಂಬ ಹೊಗೆ. ಅದರ ಮೇಲೆ ತತ್ತಿ! ನಮ್ಮ ಅತ್ತೆ ಇದ್ದಿದ್ದರೆ ಹಂಚಿನ ಜೊತೆ ನನ್ನನ್ನೂ ಹೊರಗೆ ಹಾಕುತ್ತಿದ್ದರು. ತತ್ತಿ ತಿನ್ನುವವರು, ತಿನ್ನದವರು ಇಬ್ಬರೂ ಇರುವ ಮನೆ ನಮ್ಮದು. ಅದಕ್ಕೆ ಈ ಪಾತ್ರೆ ಬೇರೆಯೇ ಇರಲಿ, ಬೇರೆ ಶೆಲ್ಫಿನಲ್ಲಿ ಇರಲಿ ಅಂತ ಮೊದಲೇ ತೀರ್ಮಾನ ಮಾಡಿದ್ದೆವು. ಬೀಡು ಎಣ್ಣೆ ಕುಡಿದು ಹದವಾಗುವ ಲೋಹ. ಇವತ್ತು ತತ್ತಿ, ನಾಳೆ ಹಬ್ಬದ ಅಡಿಗೆ ಅಂತ ಅದರಲ್ಲಿ ನಡೆಸಲು ಬರುವುದಿಲ್ಲ.

ಕೊನೆಗೆ ಕೊಂಡದ್ದು ಎರಡು ಕಿವಿಯ ಬೀಡಿನ ಪಾತ್ರೆ. ಬಾಯಿ 10 ಇಂಚು, ಕಿವಿ ಸೇರಿ 31 ಸೆಂಟಿಮೀಟರ್. ಓವನ್ನಿನಲ್ಲಿ ಎರಡೂ ಕಡೆ ಒಂದೊಂದು ಸೆಂಟಿಮೀಟರ್ ಜಾಗ ಉಳಿಯುತ್ತದೆ. ಈ ಸಲ ಟೇಪು ಚೀಲದಲ್ಲೇ ಇತ್ತು. ಕೊಳ್ಳುವಾಗ ಗಡಿಗೆ ಬಡಿದು ನೋಡುವ ಹಾಗೆ ಇದನ್ನೂ ಬಡಿದು ನೋಡಿ. ಕಿವಿ ಹಿಡಿದು ಎತ್ತಿ, ಒಂದು ನಾಣ್ಯದಿಂದ ತಟ್ಟಿ. ಠಣ್ ಅಂತ ದನಿ ಎಳೆದರೆ ಸರಿ. ದಬ್ ಅಂತ ಸತ್ತ ದನಿ ಬಂದರೆ ಎಲ್ಲೋ ಸೀಳಿದೆ, ಕೆಳಗೆ ಇಡಿ. ಅಂಗಡಿಯ ಹುಡುಗ ನಗುತ್ತಾನೆ, ನಗಲಿ.

ತಳ ಚಪ್ಪಟೆ ಇರಬೇಕು. ಒಗ್ಗರಣೆಯ ಕಬ್ಬಿಣದ ಬುಟ್ಟಿಯ ತರಹ ಗುಂಡು ತಳವಿದ್ದರೆ ಹಿಟ್ಟೆಲ್ಲ ನಡುವೆ ಕೂತು ಅಲ್ಲಿ ಹಸಿ ಉಳಿಯುತ್ತದೆ, ಅಂಚು ಕರಕಾಗುತ್ತದೆ. ಗೋಡೆ ಎರಡು ಇಂಚು ಎತ್ತರ ಸಾಕು, ಹೊರಗೆ ಕೊಂಚ ವಾಲಿದ್ದರೆ ಇನ್ನೂ ಒಳ್ಳೆಯದು. ಹಿಟ್ಟು ಆ ಇಳಿಜಾರು ಹಿಡಿದು ಹತ್ತುತ್ತದೆ. ತೀರಾ ಆಳದ ಪಾತ್ರೆ ಬೇಡ, ಅಂಚಿಗೆ ಬಣ್ಣ ಬರುವುದಿಲ್ಲ.

ಅಳತೆಯಲ್ಲಿ ಎಲ್ಲರೂ ತಪ್ಪುವ ಒಂದು ಜಾಗ ಇದೆ. 8 ಇಂಚಿಗೂ 10 ಇಂಚಿಗೂ ಎರಡೇ ಇಂಚಿನ ಫರಕು ಅನಿಸುತ್ತದೆ. ಆದರೆ ತಳದ ಹರವು ಲೆಕ್ಕ ಹಾಕಿ ನೋಡಿ, 10 ಇಂಚಿನದು ಸರಿಸುಮಾರು ಒಂದೂವರೆ ಪಟ್ಟು. ಅಂದರೆ 10 ಇಂಚಿಗೆ ಮೂರು ತತ್ತಿಯ ಹಿಟ್ಟಾದರೆ 8 ಇಂಚಿಗೆ ಎರಡು. ಹಾಲು, ಮೈದಾ ಕೂಡ ಅದೇ ಲೆಕ್ಕದಲ್ಲಿ ಕಡಿಮೆ ಮಾಡಿ. 12 ಇಂಚಿನದಾದರೆ ನಾಲ್ಕು, ಆದರೆ ಅಷ್ಟು ದೊಡ್ಡದು ಮನೆಯ ಓಟಿಜಿಗೆ ಹೋಗುವುದೇ ಕಷ್ಟ. ಮೂರು ತತ್ತಿಯ ಹಿಟ್ಟನ್ನು 8 ಇಂಚಿನದಕ್ಕೆ ತುಂಬಿದರೆ ಎದ್ದು ಮೇಲಿನ ರಾಡಿಗೆ ಅಂಟುತ್ತದೆ. ಆ ಕರಕು ವಾಸನೆ ಎರಡು ದಿನ ಹೋಗುವುದಿಲ್ಲ, ಅನುಭವದ ಮಾತು. ಪಾತ್ರೆ ಯಾವುದೇ ಆಗಲಿ, ಜಾಳಿಗೆಯನ್ನು ಕೆಳಗಿನ ಮೆಟ್ಟಿಲಿಗೆ ಹಾಕಿ.

ಈಗ ಬೇಡವಾದ ಪಾತ್ರೆಗಳು. ನಾನ್‌ಸ್ಟಿಕ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಖಾಲಿ ಪಾತ್ರೆಯನ್ನು ಓವನ್ನಿನಲ್ಲಿ ಕಾಯಿಸುವ ಕೆಲಸ ಇದು. ಆ ಲೇಪ 260 ಡಿಗ್ರಿ ದಾಟಿದರೆ ಕೆಡಲು ಶುರುವಾಗುತ್ತದೆ. ರಾಡಿನ ಹತ್ತಿರ ಎಷ್ಟು ಕಾವು ಇರುತ್ತದೆ ಅಂತ ಓವನ್ನಿನ ಗುಂಡಿ ಹೇಳುವುದಿಲ್ಲ. ಅದರ ಕಪ್ಪು ಪ್ಲಾಸ್ಟಿಕ್ ಹಿಡಿಕೆಯಂತೂ ಓವನ್ನಿಗೆ ಆಗುವುದೇ ಇಲ್ಲ.

ಗಾಜಿನ ಪಾತ್ರೆ ನಾನೇ ಒಡೆದುಕೊಂಡಿದ್ದೇನೆ. ಮದುವೆಯ ಉಡುಗೊರೆಗೆ ಬಂದ ದಪ್ಪ ಗಾಜಿನ ತಟ್ಟೆ, ಓವನ್ನಿಗೆ ಆಗುತ್ತದೆ ಅಂತ ಅದರ ಮೇಲೇ ಬರೆದಿತ್ತು. ಕಾಯಿಸಿದೆ, ಫ್ರಿಜ್ಜಿನಿಂದ ತೆಗೆದ ಹಿಟ್ಟು ಸುರಿದೆ. ಟಪ್ ಅಂತ ಒಂದೇ ಸದ್ದು, ತಟ್ಟೆ ಎರಡು ಹೋಳು, ತುಪ್ಪ ಹಿಟ್ಟು ಎಲ್ಲ ರಾಡಿನ ಮೇಲೆ. ಓವನ್ನಿಗೆ ಆಗುತ್ತದೆ ಅಂದರೆ ಓವನ್ನಿನ ಕಾವು ತಾಳುತ್ತದೆ ಅಂತ ಅರ್ಥ. ಕಾದ ಗಾಜಿಗೆ ತಣ್ಣಗಿನದು ಸುರಿಯಬಹುದು ಅಂತಲ್ಲ. ಬೋರೋಸಿಲಿಕೇಟ್ ಗಾಜು ಮಾಮೂಲಿ ಗಾಜಿನ ಮೂರನೆಯ ಒಂದು ಪಾಲಷ್ಟೇ ಹಿಗ್ಗುತ್ತದೆ, ಅದಕ್ಕೆ ಸ್ವಲ್ಪ ತಾಳುತ್ತದೆ. ಆದರೂ ಈ ಕೆಲಸಕ್ಕೆ ನಾನು ಅದನ್ನೂ ಇಡುವುದಿಲ್ಲ. ಮಣ್ಣಿನ ಪಾತ್ರೆಗೂ ಇದೇ ಭಯ.

ಅಜ್ಜಿಯ ಕಾಲದ ಕಲಾಯಿ ಹಾಕಿಸಿದ ಹಿತ್ತಾಳೆ ಬೋಗಾಣಿ ತೆಗೆಯಬೇಕು ಅನಿಸಿದರೆ ದಯವಿಟ್ಟು ತೆಗೆಯಬೇಡಿ. ಕಲಾಯಿ ಅಂದರೆ ತವರ, 232 ಡಿಗ್ರಿಗೆ ಕರಗುತ್ತದೆ. ಸಾರು ಕುದಿಸುವಾಗ ನೀರು ಇರುತ್ತದೆ, ಕಾವು 100ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಇಲ್ಲಿ ಖಾಲಿ ಬೋಗಾಣಿಯನ್ನು 220ಕ್ಕೆ ಕಾಯಿಸುತ್ತೀರಿ, ರಾಡಿನ ಹತ್ತಿರ ಅದು 232 ದಾಟಬಹುದು. ಕಲಾಯಿ ಹನಿಯಾಗಿ ಹರಿದರೆ ಆಮೇಲೆ ಕಲಾಯಿಯವನನ್ನು ಹುಡುಕಿಕೊಂಡು ಎಲ್ಲಿಗೆ ಹೋಗುವುದು?

ಬೀಡಿನದು ಕೊಳ್ಳುವ ಮನಸ್ಸಿಲ್ಲ, ವರ್ಷಕ್ಕೆ ನಾಲ್ಕು ಸಲ ಮಾಡುವ ತಿಂಡಿಗೆ ಯಾಕೆ ಖರ್ಚು ಅನ್ನುವವರಿಗೆ ಒಂದು ಉಪಾಯ. ಕೇಕಿನ ಅಲ್ಯೂಮಿನಿಯಂ ಡಬ್ಬಿ ಇದ್ದರೆ ಅದೇ ಆಗುತ್ತದೆ. ತಳ ಬಿಚ್ಚುವಂಥದ್ದು ಮಾತ್ರ ಬೇಡ, ಸೋರುತ್ತದೆ. ಮೂಲೆಗೆ ಬಿದ್ದ ಹಳೆಯ ದಪ್ಪ ದೋಸೆ ಕಾವಲಿಯನ್ನು ಓವನ್ನಿನಲ್ಲಿ ಇಟ್ಟು 20 ನಿಮಿಷ ಕಾಯಿಸಿ. ಅದರ ಮೇಲೆ ಡಬ್ಬಿ ಇಟ್ಟು ಇನ್ನು ನಾಲ್ಕು ನಿಮಿಷ ಬಿಟ್ಟು ತುಪ್ಪ ಹಾಕಿ, ಆಮೇಲೆ ಹಿಟ್ಟು. ಕಾವಲಿ ಕೆಳಗಿನಿಂದ ಕಾವು ಕೊಡುತ್ತಲೇ ಇರುತ್ತದೆ. ಬೀಡಿನಷ್ಟು ಎತ್ತರ ಬರಲಿಕ್ಕಿಲ್ಲ, ಆದರೆ ಮಕ್ಕಳು ಟೇಪು ಹಿಡಿದು ನೋಡುವುದಿಲ್ಲ. ದಪ್ಪ ಸ್ಟೀಲಿನ ಟ್ರೈಪ್ಲೈ, ಅಂದರೆ ಮೂರು ಪದರದ, ಪಾತ್ರೆ ಇದ್ದರೂ ನಡೆಯುತ್ತದೆ. ತುಪ್ಪ ಮಾತ್ರ ಗೋಡೆಗೂ ಸವರಿ, ಇಲ್ಲದಿದ್ದರೆ ಕೆರೆಯುತ್ತ ಕೂರಬೇಕು. ಮೈಕ್ರೋವೇವ್ ಓವನ್ ಆದರೆ ಬರೀ ಕನ್ವೆಕ್ಷನ್‌ನಲ್ಲಿ, ಅಂದರೆ ಬಿಸಿಗಾಳಿಯಲ್ಲಿ ಬೇಯಿಸುವ ಕ್ರಮದಲ್ಲಿ, ಇದ್ದಾಗ ಮಾತ್ರ ಲೋಹ, ಅದೂ ಅದರ ಪುಸ್ತಕ ನೋಡಿಕೊಂಡು.

ಹೊಸ ಬೀಡಿಗೆ ಹದ ಬೇಕು. ತೊಳೆದು ಒಲೆಯ ಮೇಲೆ ಪೂರ್ತಿ ಒಣಗಿಸಿ. ನಾನು ಹಚ್ಚುವುದು ಕುಸುಬಿ ಎಣ್ಣೆ. ಗದಗಿನ ಕಡೆಯ ನಮ್ಮ ಬೀಗರು ತಂದುಕೊಡುತ್ತಾರೆ. ಕುಸುಬಿ ಒಣಗುವ ಜಾತಿಯ ಎಣ್ಣೆ, ಕಾವಿಗೆ ಗಟ್ಟಿಯಾಗಿ ಲೋಹಕ್ಕೆ ಕಚ್ಚಿಕೊಳ್ಳುತ್ತದೆ. ಅಗಸಿ ಎಣ್ಣೆಯೂ ಅದೇ ಜಾತಿ, ಇನ್ನೂ ಗಟ್ಟಿ ಪದರ ಕೊಡುತ್ತದೆ. ಆದರೆ ಕೆಲವು ತಿಂಗಳಿಗೆ ನನ್ನದರಲ್ಲಿ ಸಿಪ್ಪೆ ಎದ್ದಿತು, ಮತ್ತೆ ಆ ಕಡೆ ಹೋಗಲಿಲ್ಲ. ಎಣ್ಣೆ ಹಚ್ಚಿದ ಮೇಲೆ ಒಣ ಬಟ್ಟೆಯಿಂದ ಹಚ್ಚಲೇ ಇಲ್ಲವೇನೋ ಅನ್ನುವ ಹಾಗೆ ಒರೆಸಿ. ಇಲ್ಲೇ ಎಲ್ಲರೂ ಜಿಪುಣತನ ಬಿಡುತ್ತಾರೆ. ಜಾಸ್ತಿ ಉಳಿದರೆ ಅಂಟಂಟು ಆಗುತ್ತದೆ. ಬೋರಲು ಹಾಕಿ 230 ಡಿಗ್ರಿಯಲ್ಲಿ ಒಂದು ತಾಸು, ಅಲ್ಲೇ ತಣ್ಣಗಾಗಲಿ. ಮೂರು ಸಲ ಮಾಡಿ. ಕಿಟಕಿ ತೆಗೆದಿಡಿ, ಹೊಗೆ ಬರುತ್ತದೆ.

ತುಪ್ಪವೋ ಬೆಣ್ಣೆಯೋ ಅಂದರೆ ನಾನು ತುಪ್ಪದ ಪಕ್ಷ. ಮನೆಯ ಬೆಣ್ಣೆಯಲ್ಲಿ ಮಜ್ಜಿಗೆ ಉಳಿದಿರುತ್ತದೆ. ಕಾದ ಬೀಡಿಗೆ ಬಿದ್ದರೆ ಸಿಡಿಯುತ್ತದೆ, ಒಂದೇ ನಿಮಿಷಕ್ಕೆ ಕಪ್ಪಾಗುತ್ತದೆ. ಬೆಣ್ಣೆಯ ರುಚಿಯೇ ಬೇಕಾದರೆ ಅರ್ಧ ಅರ್ಧ ಹಾಕಿ, ಒಟ್ಟು ಎರಡು ದೊಡ್ಡ ಚಮಚ. ಹಾಲು, ತತ್ತಿ ಫ್ರಿಜ್ಜಿನಿಂದ ಒಂದು ತಾಸು ಮೊದಲೇ ಹೊರಗೆ ಇರಲಿ.

ಮೊದಲ ಸಲ ಈ ಕಿವಿಯ ಪಾತ್ರೆಯಲ್ಲಿ ಮಾಡಿದ ದಿನ ಹೊರಗೆ ಧಾರವಾಡದ ಜಿಟಿಜಿಟಿ ಮಳೆ. 20 ನಿಮಿಷ ಖಾಲಿ ಕಾಯಿಸಿ, ತುಪ್ಪ ಬಿಟ್ಟು, ಹಿಟ್ಟು ಸುರಿದಾಗ ಚುಯ್ ಅಂತು. ಆ ಸದ್ದು ಬರಲಿಲ್ಲ ಅಂದರೆ ಪಾತ್ರೆ ಕಾದಿಲ್ಲ. ಬಾಗಿಲು ಮುಚ್ಚಿ ಮೊಮ್ಮಗಳೂ ನಾನೂ ಗಾಜಿನ ಮುಂದೆ ಮಣೆ ಹಾಕಿಕೊಂಡು ಕೂತೆವು. ಐದು ನಿಮಿಷ ಏನೂ ಇಲ್ಲ. ಎಂಟನೆಯ ನಿಮಿಷಕ್ಕೆ ಒಂದು ಕಡೆಯ ಅಂಚು ಹುಬ್ಬು ಏರಿಸಿತು. ಆಮೇಲೆ ಸುತ್ತಲೂ ಎದ್ದಿತು. ಮಧ್ಯೆ ಒಂದು ದೊಡ್ಡ ಗುಳ್ಳೆ ಬಂದು ಕೂತಿತು. ಬಾಗಿಲು ತೆಗೆದು ನೋಡುವ ಆಸೆ ಅವಳಿಗಿಂತ ನನಗೇ ಜಾಸ್ತಿ ಇತ್ತು, ತೆಗೆಯಲಿಲ್ಲ. ಇನ್ನೊಂದು ಸಲ ಹನ್ನೆರಡನೆಯ ನಿಮಿಷಕ್ಕೆ ಕರೆಂಟ್ ಹೋಯಿತು. ಆಗಲೂ ಬಾಗಿಲು ತೆಗೆಯದೆ ಬಿಟ್ಟೆವು. ಎತ್ತರ ಇಳಿಯಿತು, ಆದರೆ ಬೀಡಿನ ಕಾವಿಗೇ ತಳ ಪೂರ್ತಿ ಬೆಂದಿತ್ತು.

ಹೊರಗೆ ತೆಗೆಯುವಾಗ ಎರಡೂ ಕಿವಿಗೆ ದಪ್ಪ ಬಟ್ಟೆ ಬೇಕು. ಕೆಳಗಿಟ್ಟ ಮೇಲೂ ಬಟ್ಟೆಯನ್ನು ಕಿವಿಗೆ ಸುತ್ತಿಯೇ ಬಿಡಿ. ಅದು ಬಿಸಿ ಇದೆ ಅಂತ ಕಣ್ಣಿಗೆ ಕಾಣುವುದಿಲ್ಲ, ಯಾರೋ ಒಬ್ಬರು ಸರಿಸಲು ಕೈ ಹಾಕೇ ಹಾಕುತ್ತಾರೆ. ನಮ್ಮನೆಯಲ್ಲಿ ಹಾಕಿದವರು ನಮ್ಮ ಯಜಮಾನರು. ನಿಂಬೆಹಣ್ಣು ಹಿಂಡುವುದಾದರೆ ತಾಟಿಗೆ ಹಾಕಿಕೊಂಡು ಹಿಂಡಿ, ಬೀಡಿನಲ್ಲೇ ಹಿಂಡಿದರೆ ಹದ ಹೋಗುತ್ತದೆ. ಸಕ್ಕರೆ ಪುಡಿ, ನಿಂಬೆ ಅಮೆರಿಕದ ಕಡೆಯ ರೂಢಿ. ನಮ್ಮವರಿಗೆ ಬೆಲ್ಲದ ಪಾಕ ಹಿಡಿಸಿತು.

ತಿಂದಾದ ಮೇಲೆ ಬಿಸಿ ನೀರು, ಮೆತ್ತನೆ ಬ್ರಶ್ಶು, ಒಲೆಯ ಮೇಲೆ ಒಣಗಿಸಿ ಒಂದು ಹನಿ ಎಣ್ಣೆ. ಮಳೆಗಾಲದಲ್ಲಿ ಒಳಗೆ ಹಳೆ ಪೇಪರ್ ಹಾಕಿಡಿ, ಇಲ್ಲದಿದ್ದರೆ ವಾರಕ್ಕೇ ಕೆಂಪು ಹಿಡಿಯುತ್ತದೆ. ಆ ಉದ್ದ ಹಿಡಿಕೆಯ ಬಾಣಲೆ ಏನಾಯಿತು ಅಂತ ಕೇಳಿದಿರಾ? ಒಲೆಯ ಮೇಲಿದೆ. ಅದಕ್ಕೆ ತತ್ತಿ ತಾಕಿಲ್ಲ. ಚಟ್ನಿಪುಡಿಗೆ ಶೇಂಗಾ ಹುರಿಯುವುದು ಈಗ ಅದರಲ್ಲೇ.