ಹಾರರ್ ಚಿತ್ರದ ಕಥಾಸಾರ ಬರೆಯುವುದು ಹೇಗೆ?

ಮೊದಲು ದೆವ್ವದ ನಿಯಮ ಬರೆದಿಟ್ಟುಕೊಳ್ಳಿ: ಯಾರಿಗೆ ಕಾಣುತ್ತದೆ, ಎಲ್ಲಿಯವರೆಗೆ ಬರಬಲ್ಲದು, ಯಾವುದು ಅದನ್ನು ತಡೆಯುತ್ತದೆ. ಕ್ಲೈಮ್ಯಾಕ್ಸಿನಲ್ಲಿ ಅನುಕೂಲಕ್ಕೆಂದು ನಿಯಮ ಬದಲಿಸಿದರೆ ಅಲ್ಲಿಯವರೆಗೆ ಕಟ್ಟಿದ ಭಯವೆಲ್ಲ ಕುಸಿಯುತ್ತದೆ. ಒಳ್ಳೆಯ ಕಥೆಗಳೂ ಕೆಡುವುದು ಇಲ್ಲೇ.

ಪುಟಕ್ಕೆ ಒಂದು ನಿಮಿಷದಂತೆ ಎರಡು ಗಂಟೆಯ ಚಿತ್ರಕಥೆ ಸುಮಾರು 120 ಪುಟ. ಕಥಾಸಾರಕ್ಕೆ ಎರಡು ಪುಟ ಸಾಕು. ವರ್ತಮಾನ ಕಾಲದಲ್ಲೇ ಬರೆಯಿರಿ, ಸಂಭಾಷಣೆ ಬೇಡ. ಇಂಟರ್‌ವಲ್ ಬರುವ ಹೊತ್ತಿಗೆ ಪಾತ್ರಗಳು ಮನೆ ಬಿಟ್ಟು ಓಡಲಾರದಂತಾಗಬೇಕು. ‘ಇವರು ಯಾಕೆ ಹೋಗುತ್ತಿಲ್ಲ?’ ಎಂಬ ಪ್ರಶ್ನೆಗೆ ಸಾಲ, ಕಾಯಿಲೆ, ಕಾಣೆಯಾದ ಮಗು, ಹೀಗೆ ಗಟ್ಟಿ ಕಾರಣವಿರಲಿ.

ಪ್ರೇಮಕಥೆ ಬೆರೆಸುವುದಾದರೆ ಜೋಡಿಯ ನಡುವಿನ ಗುಟ್ಟೇ ದೆವ್ವಕ್ಕೆ ದಾರಿಯಾಗಲಿ, ಇಲ್ಲದಿದ್ದರೆ ಹಾಡುಗಳು ಭಯವನ್ನು ತುಂಡರಿಸುತ್ತವೆ. ಅಂತ್ಯವನ್ನು ಮಾತ್ರ ಮುಚ್ಚಿಡಬೇಡಿ. ನಿರ್ಮಾಪಕರು ಪೂರ್ತಿ ಕಥೆ ತಿಳಿದೇ ಬಜೆಟ್ ಲೆಕ್ಕ ಹಾಕಬೇಕು.