ಇದೊಂದು ಸಲ ಬಿಡಣ್ಣ

ನಮ್ಮ ಮನೆಯಲ್ಲಿ ನನ್ನ ವಿಷಯಕ್ಕೆ ಎಲ್ಲರೂ ಹೇಳುತ್ತಿದ್ದ ಮಾತು ಒಂದೇ: "ಇವನಿಗೆ ಕೋಪ ಮೂಗಿನ ತುದಿಯಲ್ಲೇ ಕೂತಿರುತ್ತೆ." ಚಿಕ್ಕಬಳ್ಳಾಪುರದ ಹತ್ತಿರ ಒಂದು ಎಕರೆ ದಿಲ್‌ಖುಷ್ ದ್ರಾಕ್ಷಿ ತೋಟ, ಭಾನುವಾರ ಸಭೆಯ ಮಕ್ಕಳಿಗೆ ಸಂಡೇ ಸ್ಕೂಲ್ ಪಾಠ, ಇವೆರಡರ ನಡುವೆ ಮೂವತ್ತು ವರ್ಷ ಕಳೆದರೂ ಆ ಮಾತು ಸುಳ್ಳಾಗಿರಲಿಲ್ಲ. ಬೈಬಲಿನಲ್ಲಿ ಗಲಾತ್ಯದವರಿಗೆ ಬರೆದ ಪತ್ರಿಕೆಯ 5ನೇ ಅಧ್ಯಾಯದಲ್ಲಿ ಆತ್ಮನ ಫಲವೆಂದು ಎಣಿಸಿರುವ ಒಂಬತ್ತರಲ್ಲಿ ನಾಲ್ಕನೆಯದು ದೀರ್ಘಶಾಂತಿ, ಅಂದರೆ ತಾಳ್ಮೆ, ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದೆ. ತಪ್ಪು ಹೇಳಿದ ಮಗುವಿನ ಮೇಲೆ ಅಲ್ಲೇ ರೇಗುತ್ತಿದ್ದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಸಭಾಪಾಲಕರು ಬೈಬಲ್ ಅಧ್ಯಯನದಲ್ಲಿ ಹೇಳಿದ ಒಂದು ಪದದ ಅರ್ಥ. ವಿಮೋಚನಕಾಂಡ 34:6ರಲ್ಲಿ ನಮ್ಮ ಕನ್ನಡ ಬೈಬಲ್ ದೇವರನ್ನು 'ದೀರ್ಘಶಾಂತನು' ಎನ್ನುತ್ತದೆ. ಅಲ್ಲಿರುವ ಹೀಬ್ರೂ ಮಾತಿನ ಅಕ್ಷರಾರ್ಥ 'ಉದ್ದ ಮೂಗಿನವನು' ಎಂದಂತೆ, ಏಕೆಂದರೆ ಆ ಭಾಷೆಯಲ್ಲಿ ಮೂಗಿಗೂ ಕೋಪಕ್ಕೂ ಒಂದೇ ಪದ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಜನರು ಚಿನ್ನದ ಹೋರಿಕರುವನ್ನು ಮಾಡಿ ಕುಣಿದು, ಮೋಶೆ ಕೋಪದಿಂದ ಕಲ್ಲಿನ ಹಲಗೆಗಳನ್ನು ಒಡೆದು, ಮತ್ತೆ ಎರಡು ಹಲಗೆಗಳನ್ನು ಕೆತ್ತಿಕೊಂಡು ಬೆಟ್ಟ ಹತ್ತಿದ ಮೇಲೆ ದೇವರು ತನ್ನನ್ನು ಹೀಗೆ ಪರಿಚಯಿಸಿಕೊಳ್ಳುತ್ತಾನೆ. ದೇವರಿಗೆ ಕೋಪವೇ ಇಲ್ಲವೆಂದಲ್ಲ, ಅದು ತುದಿಗೆ ಬರಲು ಬಹಳ ದೂರ ನಡೆಯಬೇಕು ಎಂದು ನಾನು ಅರ್ಥ ಮಾಡಿಕೊಂಡೆ.

ಆ ವರ್ಷದ ಬೂದಿ ಬುಧವಾರದಿಂದ, ಅಂದರೆ ಈಸ್ಟರ್ ಹಬ್ಬಕ್ಕೆ ಮೊದಲಿನ ನಲವತ್ತು ದಿನಗಳ ಉಪವಾಸ ಕಾಲ ಶುರುವಾಗುವ ದಿನದಿಂದ, ನಾನು ಒಂದು ಅಭ್ಯಾಸ ಹಿಡಿದೆ. ಸಿಟ್ಟು ಬಂದಾಗ ಬಾಯಿ ತೆರೆಯುವ ಮೊದಲು ಮನಸ್ಸಿನಲ್ಲೇ ಒಂದು ಸಲ "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಂದು ಶುರುವಾಗುವ ಕರ್ತನ ಪ್ರಾರ್ಥನೆಯನ್ನು ಪೂರ್ತಿ ಹೇಳುವುದು. ತಪ್ಪಿದ ದಿನ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಗೀಟು ಹಾಕುವುದು. ಮೊದಲ ವಾರ ಅದು ಪ್ರಾರ್ಥನೆಯೇ ಆಗಿರಲಿಲ್ಲ. ಬೈಯುವುದಕ್ಕೆ ತಡವಾಗುತ್ತದೆಂದು ಕಹಿ ಔಷಧಿ ನುಂಗುವ ಹಾಗೆ ಗಟಗಟ ಮುಗಿಸಿ, ಆಮೆನ್ ಆದ ಕೂಡಲೇ ಬೈಯುತ್ತಿದ್ದೆ. ಉಪವಾಸಕ್ಕಿಂತ ಇದೇ ಕಷ್ಟ ಎಂದು ಈಗಲೂ ನನ್ನ ಅಭಿಪ್ರಾಯ.

ನಿಜವಾದ ಪರೀಕ್ಷೆ ತೋಟದಲ್ಲೇ ಕಾದಿತ್ತು. ಅದಕ್ಕೆ ಹಿಂದಿನ ಅಕ್ಟೋಬರ್‌ನಲ್ಲಿ ನನಗೆ ಜ್ವರ ಬಂದಿದ್ದಾಗ ನನ್ನ ತಮ್ಮ ಐದು ಸಾಲು ಬಳ್ಳಿಗಳನ್ನು ತಾನೇ ಪ್ರೂನಿಂಗ್ ಮಾಡಿದ್ದ. ಕಡ್ಡಿಯ ಬುಡದಿಂದ ಕಣ್ಣುಗಳನ್ನು, ಅಂದರೆ ಚಿಗುರೊಡೆಯುವ ಮೊಗ್ಗುಗಳನ್ನು, ಎಣಿಸಿ, ಹಣ್ಣು ಹಿಡಿಯುವ ಕಣ್ಣನ್ನು ಉಳಿಸಿ ಕತ್ತರಿ ಹಾಕಬೇಕು. ಅವನು ಬುಡಕ್ಕೆ ಹತ್ತಿರವೇ ಕತ್ತರಿಸಿದ್ದ. ಉಳಿದ ಚಪ್ಪರದಲ್ಲಿ ಗೊಂಚಲು ಇಳಿಬಿದ್ದಾಗ ಆ ಐದು ಸಾಲಿನಲ್ಲಿ ದಟ್ಟ ಹಸಿರೆಲೆ ಬಿಟ್ಟರೆ ಬೇರೇನೂ ಇರಲಿಲ್ಲ. ಅವನ ಜೊತೆ ನಾನು ಮಾತು ಬಿಟ್ಟಿದ್ದೆ. ಕೊಯ್ಲಿನ ದಿನ ವ್ಯಾಪಾರಿಯ ಎದುರಿಗೇ ಅದನ್ನು ಎತ್ತಿ ಆಡಿದೆ, ಪ್ರಾರ್ಥನೆಯ ನೆನಪೇ ಬರಲಿಲ್ಲ. ಅವನು ಖಾಲಿ ಕ್ರೇಟ್ ಹಿಡಿದುಕೊಂಡೇ, "ಇದೊಂದು ಸಲ ಬಿಡಣ್ಣ" ಅಂದ.

ಆ ಭಾನುವಾರ ಮಕ್ಕಳಿಗೆ ಹೇಳಬೇಕಾಗಿದ್ದ ಪಾಠ ಲೂಕ 13ನೇ ಅಧ್ಯಾಯದ ಅಂಜೂರದ ಮರದ ಸಾಮ್ಯ, ಅಂದರೆ ಯೇಸು ಹೇಳಿದ ದೃಷ್ಟಾಂತದ ಕಥೆ. ಆ ಅಂಜೂರ ನೆಟ್ಟಿದ್ದೂ ದ್ರಾಕ್ಷಿ ತೋಟದಲ್ಲೇ. ಮೂರು ವರ್ಷದಿಂದ ಹಣ್ಣು ಹುಡುಕಿ ಸಾಕಾದ ಯಜಮಾನ ಕಡಿಯಲು ಹೇಳಿದಾಗ ತೋಟಗಾರ, ಈ ವರ್ಷವೂ ಇದನ್ನು ಬಿಡು ಎಂದು ಕೇಳಿಕೊಳ್ಳುತ್ತಾನೆ. 'ಬಿಡು' ಎನ್ನಲು ಅಲ್ಲಿರುವ ಗ್ರೀಕ್ ಕ್ರಿಯಾಪದವೇ ಕರ್ತನ ಪ್ರಾರ್ಥನೆಯಲ್ಲಿ 'ಕ್ಷಮಿಸು' ಎನ್ನುವಲ್ಲಿಯೂ ಇದೆ ಎಂದು ಸಭಾಪಾಲಕರಿಂದ ಮೊದಲೇ ಕೇಳಿದ್ದೆ. ನಲವತ್ತು ದಿನ ನಾನು ಗಟಗಟ ನುಂಗುತ್ತಿದ್ದ ಮಾತೇ ಅದು. ಆದರೆ ಪಾಠ ಓದುತ್ತಾ ನನಗೆ ಹೆಚ್ಚು ತಾಗಿದ್ದು ಮುಂದಿನ ಮಾತು: ಸುತ್ತಲೂ ಅಗೆದು ಗೊಬ್ಬರ ಹಾಕುತ್ತೇನೆ. ತೋಟಗಾರ ಕೈಕಟ್ಟಿ ಕಾಯುತ್ತೇನೆ ಅನ್ನಲಿಲ್ಲ. ನಾನೋ, ತಮ್ಮನಿಗೆ ಕಣ್ಣು ಎಣಿಸುವುದನ್ನು ಒಂದು ದಿನವೂ ಕಲಿಸಿರಲಿಲ್ಲ. ಕಲಿಸುವಷ್ಟು ಹೊತ್ತು ಅವನ ಪಕ್ಕದಲ್ಲಿ ನಿಲ್ಲುವ ತಾಳ್ಮೆ ನನಗಿರಲಿಲ್ಲ.

ಆ ಮರ ಮರುವರ್ಷ ಹಣ್ಣು ಬಿಟ್ಟಿತೇ ಎಂದು ಒಬ್ಬ ಹುಡುಗ ಕೇಳಿದ. ಯೇಸು ಅದನ್ನು ಹೇಳಲಿಲ್ಲ ಎಂದೆ. ಇನ್ನೊಂದು ಸಲ ಕೇಳಿದ. ಇನ್ನೊಂದು ಸಲ ಹೇಳಿದೆ.

ಮುಂದಿನ ಅಕ್ಟೋಬರ್‌ನಲ್ಲಿ ನಾವಿಬ್ಬರೂ ಅದೇ ಐದು ಸಾಲಿನ ಕೆಳಗೆ ನಿಂತೆವು. ನಾನು ಒಂದು ಕಡ್ಡಿ ಕತ್ತರಿಸಿ ತೋರಿಸಿ ಕತ್ತರಿಯನ್ನು ಅವನ ಕೈಗೆ ಕೊಟ್ಟೆ. ಅವನು ಮಗುವಿನ ಹಾಗೆ ಬೆರಳಿಟ್ಟು ಒಂದು, ಎರಡು, ಮೂರು ಎಂದು ಜೋರಾಗಿ ಎಣಿಸುತ್ತಾ ಹೋದ. ಎರಡನೆಯ ಸಾಲಿನಲ್ಲಿ ಒಂದು ಕಡ್ಡಿಯನ್ನು ಮತ್ತೆ ಗಿಡ್ಡ ಮಾಡಿ ನನ್ನ ಮುಖ ನೋಡಿದ. ನಾನು ಮನಸ್ಸಿನಲ್ಲಿ "ನಮಗೆ ತಪ್ಪು ಮಾಡಿದವರನ್ನು" ಎನ್ನುವವರೆಗೆ ಬಂದಿದ್ದೆ. ಕತ್ತರಿಸಿದ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಪ್ರಾರ್ಥನೆ ಮುಗಿಯುವಷ್ಟರಲ್ಲಿ ಅವನು ಮುಂದಿನ ಕಡ್ಡಿಗೆ ಬೆರಳಿಟ್ಟು ಮೊದಲಿನಿಂದ ಎಣಿಸತೊಡಗಿದ್ದ.